ಗಡಿಯಾರ ನಿಲ್ಲಿಸಿದ ಮೇಡಂ

ಟಿಕ್. ಹೆಡ್‌ಫೋನಿನೊಳಗೆ ಕೇಳಿಸಿದ್ದು ಅಷ್ಟೇ. ಗಾಜಿನ ಲೋಟಕ್ಕೆ ಉಗುರು ತಗಲಿದಷ್ಟು ಸಣ್ಣ ಸದ್ದು. ರಾತ್ರಿ ಬಹಳ ಹೊತ್ತಾಗಿತ್ತು. ದಾಖಲೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಆ ಸದ್ದಿನ ಬೆನ್ನಿಗೇ ಒಬ್ಬ ಹುಡುಗಿಯ ದನಿ, ತಡವರಿಸದೆ, ಒಂದೊಂದೇ ಮಾತನ್ನು ಬಿಡಿಸಿ ಹೇಳತೊಡಗಿತು: "ಎದೆ ಮಧ್ಯ ಎರಡೂ ಕೈ ಇಡಿ. ಜೋರಾಗಿ ಒತ್ತಿ. ನಾನು ಎಣಿಸ್ತೀನಿ, ನನ್ ಜೊತೆ ಒತ್ತಿ." ಅದೇ ದಿನ ಬೆಳಿಗ್ಗೆ ವಿಚಾರಣಾ ಸಮಿತಿಯ ಮುಂದೆ ಇದೇ ಧ್ವನಿಮುದ್ರಣವನ್ನು ಕೇಳಿಸಿದ್ದೆವು. ಆಗ ಈ ಜಾಗದಲ್ಲಿ ಯಾವ ದನಿಯೂ ಇರಲಿಲ್ಲ. ಬರೀ ಮೌನವಿತ್ತು. ಆ ಮೌನಕ್ಕಾಗಿ ಆ ಹುಡುಗಿಯನ್ನು ಕೆಲಸದಿಂದ ತೆಗೆಯಬೇಕೆಂದು ಸಮಿತಿ ತೀರ್ಮಾನಿಸಿಯೂ ಆಗಿತ್ತು.

ಅಭಿನಂದನ ಗ್ರಂಥದ ಲೇಖನವನ್ನು ಹೀಗೆ ತೊಡಗುವ ವಾಡಿಕೆಯಿಲ್ಲ ಎಂಬುದು ನನಗೂ ಗೊತ್ತು. ಆದರೆ ನಮ್ಮ ಮೇಡಂ ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ನನ್ನ ಕಿವಿಗೆ ಮೊದಲು ಬೀಳುವುದು ಆ ಸದ್ದೇ. ಅಂದು ಬೆಚ್ಚಿದ ಮನಸ್ಸು ಇನ್ನೂ ನೆಟ್ಟಗೆ ತಳವೂರಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟು, ಈಗ ವಾಡಿಕೆಯ ದಾರಿಗೆ ಬರುತ್ತೇನೆ.

ತುರ್ತು ಕರೆ ಕೇಂದ್ರದ ಧ್ವನಿ ವಿಭಾಗದಲ್ಲಿ ತಮ್ಮ ಇಡೀ ವೃತ್ತಿಜೀವನವನ್ನು ಸವೆಸಿ ಈಗ ನಿವೃತ್ತರಾಗುತ್ತಿರುವ ಮೇಡಂ ಅವರು, ಆಡಿದ ಮಾತನ್ನು ಹಿಡಿದಿಡುವ ಮತ್ತು ಹಿಡಿದಿಟ್ಟ ಮಾತನ್ನು ಕೆಡದಂತೆ ಕೇಳಿಸುವ ವಿದ್ಯೆಯಲ್ಲಿ ನಮ್ಮ ನಡುವಿನ ಅಗ್ರಗಣ್ಯರು. ನಮ್ಮ ಕೇಂದ್ರದ ಕೆಲಸ ಓದುಗರಿಗೆ ತಿಳಿದದ್ದೇ. ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ, ಬೆಂಕಿ ಹತ್ತಿದರೆ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಜನ ಫೋನ್ ಮಾಡುತ್ತಾರೆ. ಆಪರೇಟರುಗಳು ಕರೆ ಎತ್ತಿ, ಆಂಬುಲೆನ್ಸ್ ಕಳಿಸಿ, ಅದು ತಲುಪುವವರೆಗೆ ಏನು ಮಾಡಬೇಕೆಂದು ಹೇಳುತ್ತಾ ಇರುತ್ತಾರೆ. ಪ್ರತಿ ಕರೆಯೂ ಮುದ್ರಣವಾಗುತ್ತದೆ. ಯಾರಾದರೂ ತೀರಿಕೊಂಡು ದೂರು ಬಂದರೆ, ಸಮಿತಿ ಕೂತು ಆ ಮುದ್ರಣವನ್ನು ಕೇಳುತ್ತದೆ. ಆಪರೇಟರ್ ಸರಿಯಾಗಿ ನಡೆದುಕೊಂಡರೋ ಇಲ್ಲವೋ ಎಂಬುದು ಆ ಕೇಳುವಿಕೆಯಲ್ಲೇ ನಿರ್ಧಾರವಾಗಬೇಕು.

ಇದರಲ್ಲಿ ನಮ್ಮದೊಂದು ಕಟ್ಟಳೆಯಿದೆ. ಸಮಿತಿ ಒಂದು ಮುದ್ರಣವನ್ನು ಒಂದೇ ಸಲ ಕೇಳಬೇಕು. ಹಿಂದಕ್ಕೆ ಹೋಗುವಂತಿಲ್ಲ, ಮತ್ತೆ ಕೇಳಿಸಿ ಎನ್ನುವಂತಿಲ್ಲ. ಹತ್ತು ಸಲ ಕೇಳಿದರೆ ಮನುಷ್ಯ ತನಗೆ ಬೇಕಾದುದನ್ನು ಕೇಳಿಸಿಕೊಳ್ಳುತ್ತಾನೆಂದು ಹಿಂದಿನವರು ಮಾಡಿದ ನಿಯಮವದು. ಒಳ್ಳೆಯ ಉದ್ದೇಶದ್ದೇ. ಅದು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೇಡಂ ಕೆಲಸಕ್ಕೆ ಸೇರಿದಾಗ ಎಲ್ಲವೂ ಟೇಪಿನ ಸುರುಳಿಗಳು. ಹರಿದ ಟೇಪನ್ನು ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ಅಂಟಿಸುವುದರಲ್ಲಿ ಅವರ ಕೈ ಎಷ್ಟು ಪಳಗಿತ್ತೆಂದರೆ, ಅಂಟು ಹಾಕಿದ ಜಾಗ ಕಣ್ಣಿಗೆ ಕಂಡರೂ ಕಿವಿಗೆ ಕೇಳಿಸುತ್ತಿರಲಿಲ್ಲವಂತೆ. ಮುಂದೆ ಸುರುಳಿಗಳು ಹೋಗಿ ಕಂಪ್ಯೂಟರ್ ಬಂದಾಗ, ಅವರ ವಾರಿಗೆಯವರು ಬೇರೆ ವಿಭಾಗಗಳಿಗೆ ಹಂಚಿಹೋದರು. ಮೇಡಂ ಮಾತ್ರ ಸಂಜೆಯ ಹೊತ್ತು ಕೂತು ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ಪರದೆಯ ಮೇಲೆ ವಿಂಡೋ, ಬಟನ್, ಸ್ಲೈಡರ್ ಜೋಡಿಸಲು ಸಿದ್ಧ ಸಾಮಾನಿನ ಪೆಟ್ಟಿಗೆಯೊಂದು ಸಿಗುತ್ತದೆ, ಅದಕ್ಕೆ ಟೂಲ್‌ಕಿಟ್ ಎನ್ನುತ್ತಾರೆ. ಆ ಪೆಟ್ಟಿಗೆಯಲ್ಲಿ ಮೀಡಿಯಾ ಕಂಟ್ರೋಲ್ ಎಂಬುದೊಂದು ಸಾಮಾನು. ಧ್ವನಿಯ ಫೈಲನ್ನು ಅದರ ಕೈಗೆ ಕೊಟ್ಟರೆ ನುಡಿಸುತ್ತದೆ, ನಿಲ್ಲಿಸುತ್ತದೆ, ಎಲ್ಲಿಯವರೆಗೆ ಬಂದಿದೆ ಎಂದು ಹೇಳುತ್ತದೆ. ಮೇಡಂ ಅದನ್ನು ನಡುವೆ ಇಟ್ಟು, ಸುತ್ತ ನಮಗೆ ಬೇಕಾದ ಬಟನ್‌ಗಳನ್ನು ಕೂರಿಸಿ, ಇಡೀ ಕೇಂದ್ರ ಇಂದಿಗೂ ಬಳಸುತ್ತಿರುವ ಪ್ಲೇಯರನ್ನು ಕಟ್ಟಿದರು. ಅಲ್ಲಿಂದ ಅವರಿಗೆ 'ಪ್ಲೇಯರ್ ಮೇಡಂ' ಎಂಬ ಹೆಸರೇ ನಿಂತಿತು.

ನಾನು ಸೇರಿದಾಗ ಅವರು ನನಗೆ ಮೊದಲು ಕಲಿಸಿದ ಪಾಠ ಕಾಯುವುದು. ಫೈಲನ್ನು ಲೋಡ್ ಮಾಡೆಂದು ಕಂಟ್ರೋಲಿಗೆ ಹೇಳಿದೊಡನೆ ಪ್ಲೇ ಎಂದುಬಿಟ್ಟಿದ್ದೆ. ಏನೂ ಕೇಳಿಸಲಿಲ್ಲ. ಮೇಡಂ ನಕ್ಕರು.

"ಲೋಡ್ ಮಾಡು ಅಂದ್ರೆ ಅದು ಹೂಂ ಅನ್ನುತ್ತೆ ಕಣಮ್ಮ. ಹೂಂ ಅಂದ ಮಾತ್ರಕ್ಕೆ ಕೆಲಸ ಆಯ್ತಾ? ನಮ್ಮನೇಲಿ ಮಗಳಿಗೆ ಸ್ನಾನ ಮಾಡೇ ಅಂದ್ರೆ ಅವಳೂ ಹೂಂ ಅಂತಾಳೆ. ನೀರು ಬೀಳೋ ಸದ್ದು ಬಂದ ಮೇಲೇ ನಾನು ನಂಬೋದು."

ಫೈಲು ಪೂರ್ತಿ ಕೈಗೆ ಬಂದಾಗ ಕಂಟ್ರೋಲು ತಾನಾಗಿಯೇ ಒಂದು ಸೂಚನೆ ಕಳಿಸುತ್ತದೆ. ಆ ಸೂಚನೆ ಬರುವವರೆಗೆ ಪ್ಲೇ ಅನ್ನಬಾರದು. ಇಷ್ಟನ್ನು ಅವರು ಎಷ್ಟು ಜನರಿಗೆ ಕಲಿಸಿದರೋ ಲೆಕ್ಕವಿಲ್ಲ. ಅವರ ಕೈಕೆಳಗೆ ಕಲಿತವರು ಮದುವೆ ಮನೆಯಲ್ಲಿ ಸಿಕ್ಕರೂ, "ನೀರಿನ ಸದ್ದು ಬಂತಾ?" ಎಂದು ಒಬ್ಬರನ್ನೊಬ್ಬರು ರೇಗಿಸುವುದುಂಟು.

ಅವರ ಅಂತಃಕರಣದ ಬಗ್ಗೆ ಹೇಳಬೇಕಾದರೆ ಸ್ಟಾಪ್ ಬಟನ್ನಿನ ಕತೆಯನ್ನೇ ಹೇಳಬೇಕು. ತೀರಿಕೊಂಡವರ ಮನೆಯವರು ಬಯಸಿದರೆ ಕೊನೆಯ ಕರೆಯನ್ನು ಬಂದು ಕೇಳಬಹುದು. ಒಮ್ಮೆ ಒಬ್ಬ ತಾಯಿ ಬಂದಿದ್ದರು. ನಡುವೆ ತಡೆಯಲಾರದೆ, ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳೋಣವೆಂದು ಸ್ಟಾಪ್ ಒತ್ತಿದರು. ಪಾಜ್ ಒತ್ತಿದರೆ ಮುದ್ರಣ ಇದ್ದಲ್ಲೇ ನಿಲ್ಲುತ್ತದೆ. ಸ್ಟಾಪ್ ಒತ್ತಿದರೆ ಮೊದಲಿಗೇ ಹೋಗಿ ನಿಲ್ಲುತ್ತದೆ. ಆ ತಾಯಿ ಕಣ್ಣೊರೆಸಿಕೊಂಡು ಮತ್ತೆ ಪ್ಲೇ ಒತ್ತಿದಾಗ, ಒಮ್ಮೆ ದಾಟಿ ಬಂದಿದ್ದ ಚೀತ್ಕಾರ ಎರಡನೆಯ ಸಲ ಅವರ ಕಿವಿಗೆ ಅಪ್ಪಳಿಸಿತು. ಅಂದು ಸಂಜೆಯೇ ಮೇಡಂ ಆ ಕೋಣೆಯ ಪ್ಲೇಯರಿನಿಂದ ಸ್ಟಾಪ್ ಬಟನ್ನನ್ನು ಕಿತ್ತುಹಾಕಿದರು. ತಾನಾಗಿ ನುಡಿಯಲು ಶುರುವಾಗುವುದನ್ನೂ ತೆಗೆದರು. ಫೈಲು ಬಂದ ಮೇಲೆ ಒಂದೇ ಒಂದು ಬಟನ್ ಬೆಳಗುತ್ತದೆ. ಒತ್ತಬಹುದು, ಒತ್ತದೆ ಎದ್ದು ಹೋಗಲೂಬಹುದು. ಅದನ್ನು ಮುಂದೆ ಕೂತವರೇ ನಿರ್ಧರಿಸಬೇಕು.

ನನ್ನ ಮಟ್ಟಿಗೆ ಅವರು ಮಾಡಿದ ಉಪಕಾರ ಇನ್ನೂ ಚಿಕ್ಕದು, ಇನ್ನೂ ದೊಡ್ಡದು. ನನ್ನದು ಮೊದಲಿನಿಂದಲೂ ಅಂಜುಬುರುಕ ಸ್ವಭಾವ. ಮೊದಲ ವಾರ ಕರೆಗಳನ್ನು ಕೇಳಿ ಊಟ ಸೇರದೆ ಕೂತಿದ್ದೆ. ಮೇಡಂ ಪಕ್ಕಕ್ಕೆ ಬಂದು, ವಾಲ್ಯೂಮಿನ ಸ್ಲೈಡರನ್ನು ತಾವೇ ಕೆಳಗೆಳೆದು, "ಅರ್ಥ ಆಗೋಷ್ಟು ಸಾಕು. ಮೈಗೆ ಹತ್ತೋಷ್ಟು ಬೇಡ," ಎಂದರು. ನಾನು ಇಷ್ಟು ವರ್ಷ ಈ ಕುರ್ಚಿಯಲ್ಲಿ ಉಳಿದದ್ದು ಆ ಮಾತಿನಿಂದ.

ಈಗ ಮೊದಲು ಹೇಳಿದ ಸಂಗತಿಗೆ ಬರಬೇಕು.

ದೂರಿಗೆ ಸಿಕ್ಕಿಕೊಂಡಿದ್ದ ಆಪರೇಟರ್ ಇನ್ನೂ ಚಿಕ್ಕ ಹುಡುಗಿ. ನಾವೆಲ್ಲ 'ಪುಟ್ಟಿ' ಎನ್ನುತ್ತಿದ್ದೆವು. ಒಬ್ಬಾಕೆ ಗಂಡ ಕುಸಿದುಬಿದ್ದನೆಂದು ಕರೆ ಮಾಡಿದ್ದರು. ಆಂಬುಲೆನ್ಸ್ ತಲುಪುವಷ್ಟರಲ್ಲಿ ಆತ ಹೋಗಿಬಿಟ್ಟಿದ್ದರು. ಸಮಿತಿಯ ಅಧ್ಯಕ್ಷರು ಮೂಲತಃ ದಂತವೈದ್ಯರು, ಕೇಂದ್ರದಲ್ಲಿ ಬೆನ್ನ ಹಿಂದೆ ಅವರ ಹೆಸರು 'ಇಕ್ಕಳ'. ಅವರ ಎದುರು ಮುದ್ರಣ ಶುರುವಾಯಿತು. ಅದನ್ನು ಕೇಳುತ್ತಾ ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ಕರೆ ಮಾಡಿದಾಕೆ, "ಉಸಿರಾಡ್ತಿಲ್ಲ ಇವರು! ನಾನೇನ್ ಮಾಡ್ಲಿ, ಹೇಳಿ!" ಎಂದು ಕೂಗಿದರು. ಆಮೇಲೆ ಏನೂ ಇಲ್ಲ. ಪರದೆಯ ಮೇಲಿನ ಗಡಿಯಾರ ಓಡುತ್ತಿತ್ತು, ಒಂದೊಂದೇ ಸೆಕೆಂಡು ಉರುಳುತ್ತಿತ್ತು, ಪುಟ್ಟಿ ಬಾಯಿ ಬಿಡಲಿಲ್ಲ. ಕೊನೆಗೆ ಅವಳ ದನಿ ಮಾತಿನ ನಡುವಿನಿಂದೆಂಬಂತೆ ಕೇಳಿಸಿತು: "ಹಾಂ, ಹಾಗೇ, ನಿಲ್ಲಿಸ್ಬೇಡಿ." ಅಷ್ಟು ಹೊತ್ತಿಗೆ ತಡವಾಗಿತ್ತೆಂದು ಯಾರಿಗಾದರೂ ಅನಿಸುವಂತಿತ್ತು.

"ಏನಮ್ಮ ಇದು?" ಎಂದು ಅಧ್ಯಕ್ಷರು ಕೇಳಿದರು. "ಅಷ್ಟು ಹೊತ್ತು ಎಲ್ಲಿ ಹೋಗಿದ್ದೆ?"

"ಮಾತಾಡಿದೆ ಸರ್. ಮಾತಾಡಿದ ನೆನಪಿದೆ," ಎಂದಳು ಪುಟ್ಟಿ. ಸ್ವಲ್ಪ ತಡೆದು, ಯಾರೂ ಕೇಳದಿದ್ದರೂ, "ಅಥವಾ ಮನಸ್ಸಲ್ಲೇ ಅಂದ್ಕೊಂಡ್ನೋ ಏನೋ," ಎಂದಳು.

ತೀರ್ಮಾನ ಆದ ಪ್ರಕರಣದ ಮುದ್ರಣವನ್ನು ಅಂದೇ ದಾಖಲೆ ಕೋಣೆಗೆ ಸೇರಿಸಬೇಕು. ಉದ್ದದ ಕರೆಗಳು ಒಂದೇ ಫೈಲಿನಲ್ಲಿ ಇರುವುದಿಲ್ಲ. ಮುದ್ರಣ ಯಂತ್ರ ಅವನ್ನು ತುಂಡು ತುಂಡಾಗಿ ಇಡುತ್ತದೆ. ಮೊದಲ ತುಂಡು ತೆರೆಯಿತೆಂದರೆ ಉಳಿದವೂ ಸರಿಯಿವೆ ಎಂದು ಹಿಂದಿನವರು ಮುಗಿಸುತ್ತಿದ್ದರು. ನನಗೆ ಎಲ್ಲವನ್ನೂ ತೆರೆದು ನೋಡದಿದ್ದರೆ ನಿದ್ದೆ ಬರುವುದಿಲ್ಲ. ಹಾಗೆ ಎರಡನೆಯ ತುಂಡನ್ನು ತೆರೆದಾಗಲೇ ಆ 'ಟಿಕ್' ಕೇಳಿಸಿದ್ದು, ಅದರ ಬೆನ್ನಿಗೆ ಪುಟ್ಟಿಯ ದನಿ ಬಂದದ್ದು. ಒಂದು ತಪ್ಪಿಲ್ಲದೆ, ಒಂದು ತಡೆಯಿಲ್ಲದೆ, ಹೇಗೆ ಹೇಳಿಕೊಟ್ಟಿದ್ದರೋ ಹಾಗೆಯೇ ಆ ಹುಡುಗಿ ಎಣಿಸುತ್ತಿದ್ದಳು.

ಮೇಡಂ ಮನೆಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿ, "ಏನನ್ನೂ ಮುಟ್ಟಬೇಡ. ಬೀಗ ಹಾಕ್ಕೊಂಡು ಮನೆಗೆ ಹೋಗು. ಒಬ್ಳೇ ಹೋಗ್ಬೇಡ, ಗೇಟಿನ ಕಾವಲಿನವರನ್ನ ಆಟೋ ತನಕ ಕರ್ಕೊಂಡು ಹೋಗು," ಎಂದರು. ಆ ಗಾಬರಿಯಲ್ಲೂ ನಾನು ಮನೆ ಸೇರುವ ಚಿಂತೆ ಅವರಿಗಿತ್ತು.

ಮಾರನೆಯ ಬೆಳಿಗ್ಗೆ ನಾನು ನಿರೀಕ್ಷಿಸಿರದ ಕಡೆಯಿಂದ ಏಟು ಬಿತ್ತು. ಮೇಡಂ ವಿಷಯ ತಿಳಿಸಿದ ಮೇಲೆ ಅಧ್ಯಕ್ಷರು ಕಟ್ಟಳೆಯನ್ನು ಬದಿಗಿಟ್ಟು ಎರಡನೆಯ ತುಂಡನ್ನು ಕೇಳಿ, ನನ್ನ ಕಡೆ ತಿರುಗಿದರು.

"ನಿನ್ನೆ ಐದು ಜನರ ಕಿವಿಗೆ ಬೀಳದೆ ಇದ್ದ ದನಿ ರಾತ್ರಿ ಎಲ್ಲಿಂದ ಬಂತಮ್ಮ? ದಾಖಲೆ ಕೋಣೆ ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರ ಸರ್."

"ಆ ಹುಡುಗಿ ನಿಂಗೆ ಪರಿಚಯ ಅಲ್ವಾ?"

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮುದ್ರಣವನ್ನು ತಿದ್ದುವುದೆಂದರೆ ನಮ್ಮಲ್ಲಿ ಜೈಲಿನ ಮಾತು. ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆ ಸ್ಥಾನದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆಗ ಮೇಡಂ ಎದ್ದು ನಿಂತರು.

"ಸರ್, ಅವಳನ್ನ ಬಿಡಿ. ಕೇಳಬೇಕಾದ್ದು ನನ್ನನ್ನ. ಒಂದು ಸಲ ತೋರಿಸ್ತೀನಿ, ಆಮೇಲೆ ಮಾತಾಡಿ."

ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಎಲ್ಲರೆದುರು ಮೊದಲ ತುಂಡಿನಿಂದ ನುಡಿಸಿದರು. ಮೊದಲ ತುಂಡು ಮುಗಿಯಿತು, ಎರಡನೆಯದು ತೊಡಗಬೇಕಾದಲ್ಲಿ ಮೌನ ಬಂತು. ಅದೇ ಮೌನ. ಮುಚ್ಚಿ, ಎರಡನೆಯ ತುಂಡನ್ನೇ ನೇರವಾಗಿ ತೆರೆದರು. ಪುಟ್ಟಿ ಮಾತಾಡಿದಳು. ಮತ್ತೆ ಮೊದಲಿಂದ ನುಡಿಸಿದರು. ಮೌನ. ಕೊನೆಗೆ ತಮ್ಮ ಪ್ಲೇಯರನ್ನು ಬದಿಗಿಟ್ಟು, ಕಂಪ್ಯೂಟರಿನ ಜೊತೆಗೇ ಬಂದ ಸಾಧಾರಣ ಪ್ಲೇಯರಿನಲ್ಲಿ ಅದೇ ಫೈಲನ್ನು ಹಾಕಿದರು. ಮಕ್ಕಳು ಹಾಡು ಕೇಳುವ ಪ್ಲೇಯರದು. ಅದರಲ್ಲೂ ಪುಟ್ಟಿ ಮಾತಾಡಿದಳು.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಫೈಲಿನಲ್ಲಿ ದನಿ ಇದೆ ಸರ್," ಎಂದರು ಮೇಡಂ. "ಅದನ್ನ ನುಂಗಿದ್ದು ನಾನು ಬರೆದ ಪ್ರೋಗ್ರಾಮು."

ಆಮೇಲೆ ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪ್ಲೇಯರ್ ಕಟ್ಟುವಾಗ ಅಂದಿನ ಸಮಿತಿ ಒಂದು ಷರತ್ತು ಹಾಕಿತ್ತು: ಮುದ್ರಣ ಶುರುವಾದ ಮೇಲೆ ಪರದೆಯ ಗಡಿಯಾರ ಎಲ್ಲೂ ನಿಲ್ಲಕೂಡದು. ನಿಂತರೆ, ನಡುವೆ ಯಾರೋ ಕೈಯಾಡಿಸಿದರೆಂಬ ಗುಮಾನಿ ಹುಟ್ಟುತ್ತದೆ. ಆದ್ದರಿಂದ ಮೊದಲ ತುಂಡಿಗೆ ಮಾತ್ರ ಮೇಡಂ ಕಾಯುವ ಪಾಠವನ್ನು ಪಾಲಿಸಿದ್ದರು. ಮುಂದಿನ ತುಂಡುಗಳಲ್ಲಿ, ಫೈಲು ಬರುವುದು ತಡವಾದರೂ ಗಡಿಯಾರ ಓಡುತ್ತಿತ್ತು. ಫೈಲು ಕೈಗೆ ಸಿಕ್ಕೊಡನೆ ಕಂಟ್ರೋಲು ಗಡಿಯಾರ ಇದ್ದ ಜಾಗಕ್ಕೆ ನೆಗೆದು ಅಲ್ಲಿಂದ ನುಡಿಸುತ್ತಿತ್ತು. ತಡವಾದಷ್ಟು ಹೊತ್ತಿನ ಮಾತು ಯಾರ ಕಿವಿಗೂ ಬೀಳದೆ ಹೋಗುತ್ತಿತ್ತು. ಮುದ್ರಣಗಳು ಅದೇ ಕಂಪ್ಯೂಟರಿನಲ್ಲಿದ್ದ ಕಾಲದಲ್ಲಿ ತಡ ಎಂಬುದೇ ಇರಲಿಲ್ಲ, ಯಾವ ತೊಂದರೆಯೂ ಕಾಣಲಿಲ್ಲ. ಕೆಲವು ವರ್ಷಗಳ ಹಿಂದೆ ಅವೆಲ್ಲ ಇನ್ನೊಂದು ಕಟ್ಟಡದ ದೊಡ್ಡ ಸರ್ವರಿಗೆ ಹೋದವು. ಅಂದಿನಿಂದ ಪ್ರತಿ ತುಂಡೂ ನಿಧಾನವಾಗಿ ಬರತೊಡಗಿತು. ಫೈಲು ಬಂದ ಮೇಲೆ ಸಮಿತಿ ಹಿಂದಕ್ಕೆ ಹೋಗಿ ಕೇಳುತ್ತಿರಲಿಲ್ಲವಾದ್ದರಿಂದ ಗೊತ್ತಾಗುವ ಬಗೆಯೇ ಇರಲಿಲ್ಲ. ನಾನು ಎರಡನೆಯ ತುಂಡನ್ನೇ ನೇರವಾಗಿ ತೆರೆದಾಗ ಅದು ಪ್ಲೇಯರಿನ ಪಾಲಿಗೆ ಮೊದಲ ತುಂಡಾಯಿತು. ಅದು ಕಾಯಿತು. ಧ್ವನಿಯ ಯಂತ್ರ ಎಚ್ಚೆತ್ತ ಟಿಕ್ ಸದ್ದಿನ ಹಿಂದೆಯೇ ಮಾತು ಮೊದಲಿನಿಂದ ಬಂತು.

ಒಂದೇ ತುಂಡಿನ ಚಿಕ್ಕ ಕರೆಗಳಿಗೆ ಇದರಿಂದ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಉದ್ದದ ಕರೆಗಳಿಗೆ. ನಮ್ಮಲ್ಲಿ ಉದ್ದದ ಕರೆಯೆಂದರೆ ಜೀವ ಹೋಗುವ ಕರೆ ಎಂದೇ ಅರ್ಥ.

ಅಧ್ಯಕ್ಷರು ಕೆಟ್ಟವರಲ್ಲ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ, "ಮೇಡಂ, ನೀವು ಹೊರಡೋ ಹೊತ್ತು. ಸರ್ವರ್ ನಿಧಾನ ಆಗಿದ್ದರಿಂದ ಹೀಗಾಯ್ತು ಅಂತ ಬರೆದುಬಿಡೋಣ. ಅದು ಸುಳ್ಳೂ ಅಲ್ಲವಲ್ಲ," ಎಂದರು.

"ಸರ್ವರ್ ತಡ ಮಾಡ್ತು, ನಿಜ," ಎಂದರು ಮೇಡಂ. "ತಡ ಆಗಿದೆ ಅಂತ ನಿಮ್ಗೆ ಹೇಳ್ದೆ ಮುಚ್ಚಿಟ್ಟಿದ್ದು ನಾನು. ಬರೆಯೋದಾದ್ರೆ ಅದನ್ನ ಬರೀರಿ. ನಾನು ರುಜು ಹಾಕ್ತೀನಿ."

ಕಾಯುವುದನ್ನು ಊರಿಗೆಲ್ಲ ಕಲಿಸಿದವರೇ ಆ ಮಾತನ್ನು ಆಡಬೇಕಾಗಿ ಬಂತು. ಆದರೆ ಅವರ ದನಿ ನಡುಗಲಿಲ್ಲ. ನಡುಗಿದ್ದು ಆಮೇಲೆ, ಕಾರಿಡಾರಿನಲ್ಲಿ. ಕಾಯುತ್ತಾ ಕೂತಿದ್ದ ಪುಟ್ಟಿ ಎದ್ದು ಬಂದು ಅವರ ಎರಡೂ ಕೈ ಹಿಡಿದು, "ನಾನು ಸುಮ್ನೆ ಕೂತಿರ್ಲಿಲ್ಲ ಅಲ್ವಾ ಮೇಡಂ? ನಿಜವಾಗ್ಲೂ ಮಾತಾಡಿದ್ದೆ ಅಲ್ವಾ?" ಎಂದು ಕೇಳಿದಾಗ. ಒಂದೇ ಒಂದು ಬೆಳಗಿನಲ್ಲಿ ಆ ಹುಡುಗಿ ತನ್ನ ನೆನಪನ್ನು ಬಿಟ್ಟುಕೊಟ್ಟು ನಮ್ಮ ಯಂತ್ರವನ್ನು ನಂಬಿಬಿಟ್ಟಿದ್ದಳು. ಮೇಡಂ ಅವಳನ್ನು ತಬ್ಬಿಕೊಂಡು ಅವಳ ತಲೆಯ ಮೇಲಿನಿಂದ ನನ್ನನ್ನು ನೋಡಿದರು. ಆ ನೋಟದಲ್ಲಿದ್ದ ಭಯ ನನಗೆ ತಕ್ಷಣ ಅರ್ಥವಾಯಿತು. ಇವಳಂತೆ ಇನ್ನೆಷ್ಟು ಜನ?

ಪುಟ್ಟಿ ತನ್ನ ಕುರ್ಚಿಗೆ ಮರಳಿದಳು. ಮೇಡಂ ಅಂದೇ ಪ್ರೋಗ್ರಾಮನ್ನು ತಿದ್ದಿದರು. ಈಗ ತುಂಡು ಬರುವುದು ತಡವಾದರೆ ಗಡಿಯಾರ ನಿಲ್ಲುತ್ತದೆ, 'ಮುದ್ರಣ ಬರುತ್ತಿದೆ, ಇದು ಮೌನವಲ್ಲ' ಎಂಬ ಅಕ್ಷರಗಳು ಪರದೆಯ ಮೇಲೆ ಕಾಣುತ್ತವೆ. ಬಳಿಕ ಅವರು ಸರ್ವರ್ ಬದಲಾದ ದಿನದಿಂದ ಈಚೆಗೆ ಸಮಿತಿ ಕೇಳಿದ್ದ ಉದ್ದದ ಕರೆಗಳನ್ನೆಲ್ಲ ತೆಗೆಸಿ, ಕೊನೆಯ ಕರೆ ಮುಗಿಯುವವರೆಗೆ ಒಬ್ಬರೇ ಕೂತು ಕೇಳಿದರು. ನಾನು ಸಹಾಯಕ್ಕೆ ಬರುತ್ತೇನೆಂದರೆ ಬಿಡಲಿಲ್ಲ. ಬಹುಪಾಲು ಕರೆಗಳಲ್ಲಿ ನುಂಗಿಹೋಗಿದ್ದ ಭಾಗದಲ್ಲಿ ತೀರ್ಪು ಬದಲಿಸುವಂಥದ್ದೇನೂ ಇರಲಿಲ್ಲ. ಒಂದರಲ್ಲಿ ಇತ್ತು.

ಅದು ಕೇಂದ್ರದಲ್ಲಿ ನಾವೆಲ್ಲ 'ದೊಡ್ಡಣ್ಣ' ಎನ್ನುತ್ತಿದ್ದವರು ಎತ್ತಿದ್ದ ಕರೆ. ಪುಟ್ಟಿಗೆ ಕೆಲಸ ಕಲಿಸಿದವರಿಗೇ ಕೆಲಸ ಕಲಿಸಿದ ಹಿರಿಯ ಆಪರೇಟರ್ ಅವರು. ಒಂದು ಮನೆಯಲ್ಲಿ ಒಬ್ಬರು ತೀರಿಕೊಂಡಿದ್ದರು. ಅದರ ವಿವರ ಇಲ್ಲಿ ಬೇಡ. ಮುದ್ರಣದಲ್ಲಿ ಮೌನ ಕೇಳಿಸಿದಾಗ ದೊಡ್ಡಣ್ಣ ವಾದಿಸಲಿಲ್ಲ. "ಮೆಷಿನ್ ಯಾಕೆ ಸುಳ್ಳು ಹೇಳುತ್ತೆ? ನಂಗೇ ಬಾಯಿ ಕಟ್ಟಿರ್ಬೇಕು," ಎಂದು ಅಂದೇ ರಾಜೀನಾಮೆ ಬರೆದುಕೊಟ್ಟು ಹೋಗಿದ್ದರು.

ಸಮಿತಿಗೆ ತಿಳಿಸುವ ಮೊದಲು ಮೇಡಂ ಅವರನ್ನು ಹುಡುಕಿಕೊಂಡು ಹೊರಟರು. "ಅದು ಅವರ ದನಿ. ಮೊದಲು ಕೇಳೋ ಹಕ್ಕು ಅವರದ್ದು," ಎಂದರು. ಲ್ಯಾಪ್‌ಟಾಪ್ ಹಿಡಿದು ನಾನೂ ಜೊತೆಗೆ ಹೋದೆ.

ದೊಡ್ಡಣ್ಣ ಒಂದು ಇಕ್ಕಟ್ಟಾದ ಬೀದಿಯಲ್ಲಿ ಬೀಗದ ಕೈ ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಯಂತ್ರದ ಕಿರುಚಾಟದಲ್ಲಿ ಯಾರೂ ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ. ನಾವು ಹೋದಾಗ ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಕೈಯಳತೆಯಲ್ಲಿದ್ದರೂ ಅವರು ಎತ್ತಲಿಲ್ಲ. ಅವರ ಹೆಂಡತಿ ಒಳ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು ಎತ್ತಿದರು.

"ನೋಡಿ ಮೇಡಂ, ಇವರ ಬಾಳು," ಎಂದರು ಆಕೆ. "ಪಕ್ಕದಲ್ಲೇ ಫೋನ್ ಬಡ್ಕೊಂಡ್ರೂ ಮುಟ್ಟಲ್ಲ. ಆ ಕೆಲ್ಸ ಬಿಟ್ಟಾಗಿಂದ ಹೀಗೇ."

"ಎತ್ತಿ ಏನ್ ಮಾಡ್ಲಿ?" ಎಂದು ದೊಡ್ಡಣ್ಣ ಯಂತ್ರ ನಿಲ್ಲಿಸಿ ನಕ್ಕರು. "ಬೇಕಾದಾಗ ಬಾಯಿ ಕಟ್ಟೋ ಮನುಷ್ಯ. ಬಾ ತಂಗಿ, ಕೂತ್ಕೋ. ಬೀಗ ಕಳ್ಕೊಂಡ್ಯಾ, ಬೀಗದ ಕೈ ಕಳ್ಕೊಂಡ್ಯಾ?"

ಮೇಡಂ ಕೂರಲಿಲ್ಲ. ನಿಂತೇ ಹೇಳಿದರು: "ಅಣ್ಣ, ನಿಮ್ಮ ಬಾಯಿ ಕಟ್ಟಿರಲಿಲ್ಲ. ನಿಮ್ಮ ಮಾತನ್ನ ನನ್ನ ಪ್ಲೇಯರ್ ನುಂಗಿತ್ತು."

ದೊಡ್ಡಣ್ಣನ ನಗು ಮುಖದ ಮೇಲೆ ಹಾಗೇ ಉಳಿಯಿತು. ಅದನ್ನು ಏನು ಮಾಡಬೇಕೆಂದು ಅವರಿಗೇ ತಿಳಿಯದಂತಿತ್ತು. ಇಬ್ಬರೂ ಒಳ ಕೋಣೆಗೆ ಹೋಗಿ ಒಂದೊಂದು ಹೆಡ್‌ಫೋನ್ ಹಾಕಿಕೊಂಡು ಕೂತರು. ನಾನೂ ಅವರ ಹೆಂಡತಿಯೂ ಹೊರಗೆ ಗಲ್ಲಾದ ಬಳಿ ನಿಂತೆವು. ಅರೆತೆರೆದ ಬಾಗಿಲಲ್ಲಿ ದೊಡ್ಡಣ್ಣನ ಬೆನ್ನು ಕಾಣುತ್ತಿತ್ತು. ಮೊದಲು ಆ ಬೆನ್ನು ನೆಟ್ಟಗಾಯಿತು. ಸ್ವಲ್ಪ ಹೊತ್ತಿಗೆ ಮುಂದಕ್ಕೆ ಬಾಗಿತು. ಒಮ್ಮೆ ಕೈ ಎತ್ತಿ ತಾವೇ ಪಾಜ್ ಒತ್ತಿದರು. ಎಷ್ಟೋ ಹೊತ್ತು ಹಾಗೇ ಕೂತಿದ್ದು, ಮತ್ತೆ ಒತ್ತಿದರು. ಅವರ ಹೆಂಡತಿ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಆಕೆಗೆ ಅದರ ಅರಿವಿತ್ತೋ ಇಲ್ಲವೋ.

ದೊಡ್ಡಣ್ಣ ಹೊರಗೆ ಬಂದು ಹೆಂಡತಿಯ ಎದುರು ನಿಂತರು. "ಮಾತಾಡಿದೀನಿ ಕಣೇ," ಎಂದರು.

"ಮಾತಾಡಿಲ್ಲ ಅಂತ ನಾನು ಯಾವತ್ತಾದ್ರೂ ಅಂದಿದ್ನಾ?" ಎಂದು ಆಕೆ ಗದರಿದರು. "ಯಾರದೋ ಮೆಷಿನ್ ಮಾತು ಕೇಳ್ಕೊಂಡು ನೀವೇ ಅಂದ್ಕೊಂಡ್ರಿ." ಹಾಗೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ದೊಡ್ಡಣ್ಣ ಮೇಡಂ ಕಡೆ ತಿರುಗಿ, "ನನ್ ಮಾತು ನಂಗೆ ಸಿಕ್ತು ತಂಗಿ, ಅಷ್ಟು ಸಾಕು. ಕರೆ ಮಾಡಿದವರು ಆ ಕಡೆಯಿಂದ ಅಂದ ಮಾತಿದೆಯಲ್ಲ, ಪಾಪ, ಅದನ್ನ ಅಲ್ಲಿಗೇ ಬಿಟ್ಬಿಡಿ. ಅವರಿಗೂ ಒಂದು ಬಾಳಿದೆ," ಎಂದರು.

ಸಮಿತಿಗೆ ಅದು ಬೇಕಾಗಿಯೂ ಇರಲಿಲ್ಲ. ನಮ್ಮ ಮುದ್ರಣದಲ್ಲಿ ಆಪರೇಟರಿನ ದನಿ ಒಂದು ಪಕ್ಕ, ಕರೆ ಮಾಡಿದವರದು ಇನ್ನೊಂದು ಪಕ್ಕ ಬೇರೆಬೇರೆಯಾಗಿ ಇರುತ್ತದೆ. ಮೇಡಂ ದೊಡ್ಡಣ್ಣನ ಪಕ್ಕವನ್ನಷ್ಟೇ ಕೇಳಿಸಿದರು. ಕೇಳಿದ ಅಧ್ಯಕ್ಷರು ಎದ್ದು ನಿಂತು, ತಾವೇ ಅವರ ಅಂಗಡಿಗೆ ಹೋಗಿ ಕ್ಷಮೆ ಕೇಳುವುದಾಗಿ ಹೇಳಿದರು, ಹೋದರು ಕೂಡ. ದೊಡ್ಡಣ್ಣನ ಮೇಲಿದ್ದ ತಪ್ಪನ್ನು ಅಳಿಸಲಾಯಿತು. ಒಂದೇ ಸಲ ಕೇಳುವ ಕಟ್ಟಳೆಯೂ ಹೋಯಿತು. ಈಗ ಆಪರೇಟರ್ ಬಯಸಿದರೆ ಮತ್ತೆ ಕೇಳಿಸಲೇಬೇಕು.

ಒಬ್ಬ ಹಿರಿಯರನ್ನು ಗೌರವಿಸುವ ಗ್ರಂಥದಲ್ಲಿ ಅವರ ತಪ್ಪಿನ ಕತೆಯನ್ನೇ ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಕೆಲವರು ಬೇಸರಪಡಬಹುದು. ಬರೆಯಲು ಅಪ್ಪಣೆ ಕೊಟ್ಟವರು ಮೇಡಂ ಅವರೇ. ಸ್ಟಾಪ್ ಬಟನ್ನಿನ ಕತೆ ಬೇಕಾದರೆ ಬಿಡು, ಇದನ್ನು ಬಿಡಬೇಡ ಎಂದರು. ನಾನು ಎರಡನ್ನೂ ಬಿಡಲಿಲ್ಲ. ಮೇಡಂ ಅವರಿಗೆ ಆಯುಷ್ಯ, ಆರೋಗ್ಯ, ಮಗಳ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ ಎಲ್ಲವೂ ಧಾರಾಳವಾಗಿ ಸಿಗಲಿ. ಹಳೆಯ ಟೇಪಿನ ಸುರುಳಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಮನೆಯಿಂದಲೇ ಮುಂದುವರಿಸುವುದಾಗಿ ಅವರು ಹೇಳಿದ್ದಾರೆ. ಆ ಕೆಲಸಕ್ಕೆ ಅವರ ಕಿವಿ ಇನ್ನೂ ಬಹುಕಾಲ ಚುರುಕಾಗಿರಲಿ ಎಂದು ವಿಭಾಗದ ಎಲ್ಲರ ಪರವಾಗಿ ಹಾರೈಸುತ್ತೇನೆ.

ಬೀಗದ ಅಂಗಡಿಯಿಂದ ಮರಳುವಾಗ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಲ್ಯಾಪ್‌ಟಾಪು ಮೇಡಂ ಅವರ ಮಡಿಲಲ್ಲಿತ್ತು, ಎರಡೂ ಕೈ ಅದರ ಮೇಲಿದ್ದವು. ಕೇಳಬಾರದೆಂದು ಎಷ್ಟು ತಡೆದುಕೊಂಡರೂ ಆಗದೆ ಕೇಳಿಯೇಬಿಟ್ಟೆ: "ಆ ಕಡೆಯವರು ಏನಂದಿದ್ರು ಮೇಡಂ?"

ಅವರು ಕಿಟಕಿಯ ಕಡೆ ತಿರುಗಿದರು. ನನ್ನ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ನಮ್ಮ ನಿಲ್ದಾಣ ಬಂತು.

"ಯಾರಿಗೂ ಹೇಳಲ್ಲ ಕಣಮ್ಮ," ಎಂದರು ಏಳುತ್ತಾ. "ನಿಂಗೂ."